ಓದದೆ ಹಾಕಿದ ಸಹಿ

ಅದು ಆಗದ ಕೆಲಸ ಎಂದು ಮೊದಲು ಹೇಳಿದವಳು ನಾನು. ಕಚೇರಿಯ ಗುಮಾಸ್ತರು ಹೇಳಿದ್ದು, ಊರಿನವರು ಹೇಳಿದ್ದು ಎಲ್ಲ ಆಮೇಲೆ. ಒಮ್ಮೆ ನಿಂತುಹೋದ ಅಂಗವಿಕಲ ಮಾಸಾಶನವನ್ನು ಮತ್ತೆ ಕೊಡಿ ಎಂದು ಸರ್ಕಾರದ ಎದುರು ನಿಂತು ಕೇಳುವುದು ನಮ್ಮಂಥವರಿಂದ ಆಗುವುದಿಲ್ಲ ಎಂದು ನಮ್ಮ ಮಾವನಿಗೆ, ಅಂದರೆ ನನ್ನ ತಾಯಿಯ ತಮ್ಮನಿಗೆ, ಖಡಾಖಂಡಿತವಾಗಿ ಹೇಳಿದೆ. ಆ ಹೊತ್ತಿಗೆ ನಾನು ಬಿ.ಎ. ಮುಗಿಸಿದ್ದೆ. ನಮ್ಮ ಮನೆತನದಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಮನೆಯಲ್ಲಿ ನನ್ನ ಮಾತಿಗೆ ತೂಕವಿತ್ತು. ಮಾವ ಪೂರ್ತಿ ಕೇಳಿಸಿಕೊಂಡು, ಕೈಯಿಂದ ಚಪ್ಪಲಿ ಕಳಚಿ ಪಕ್ಕದಲ್ಲಿ ಜೋಡಿಸಿಟ್ಟ.

ಹೌದು, ಕೈಯಿಂದ. ಮಾವ ಚಪ್ಪಲಿ ಹಾಕಿಕೊಳ್ಳುತ್ತಿದ್ದದ್ದು ಕೈಗಳಿಗೆ. ಮೂರು ವರ್ಷದ ಕೂಸಿದ್ದಾಗ ಬಂದ ಪೋಲಿಯೊ ಅವನ ಎರಡೂ ಕಾಲುಗಳನ್ನು ಬತ್ತಿಸಿಬಿಟ್ಟಿತ್ತು. ನೀಲಿ ಪಟ್ಟಿಯ ಹವಾಯಿ ಚಪ್ಪಲಿಗಳಲ್ಲಿ ಅಂಗೈ ತೂರಿಸಿ, ಎರಡೂ ಕೈಗಳನ್ನು ನೆಲಕ್ಕೆ ಊರಿ, ಮೈಯನ್ನು ಎತ್ತಿ ಎತ್ತಿ ಮುಂದಕ್ಕೆ ಇಟ್ಟುಕೊಂಡು ಸಾಗುತ್ತಿದ್ದ. ಟಪ್, ಟಪ್ ಎಂಬ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಅವ್ವ ಒಳಗಿನಿಂದಲೇ ಅವನ ಪಾಲಿನ ರೊಟ್ಟಿ ತಟ್ಟಲು ಶುರು ಮಾಡುತ್ತಿದ್ದಳು. ನಮ್ಮ ಚಪ್ಪಲಿಗಳು ಹಿಮ್ಮಡಿಯಲ್ಲಿ ಸವೆದರೆ ಅವನವು ನಟ್ಟನಡುವೆ ಸವೆಯುತ್ತಿದ್ದವು. ಹೊಸ ಜೋಡು ಕೊಳ್ಳುವಾಗ ಅಂಗಡಿಯವನು ಅಳತೆ ಕೇಳಿದರೆ ಅಂಗೈ ಚಾಚಿ, "ನೋಡ್ರಿ, ನನ್ನ ಪಾದದಾಗೂ ಐದು ಬಟ್ಟು ಅದಾವ. ಲೆಕ್ಕ ಬರಾಬರಿ" ಎನ್ನುತ್ತಿದ್ದ.

ನಮ್ಮ ಊರು ಕೊಟ್ಟೂರಿನಿಂದ ಹರಪನಹಳ್ಳಿಯ ಕಡೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಒಂದಿಷ್ಟು ಒಳಕ್ಕೆ. ನಮ್ಮದು ಕುರಿ ಕಾಯುವವರ ಮನೆ. ಅಪ್ಪ ವರ್ಷದ ಮುಕ್ಕಾಲು ಪಾಲು ಕುರಿಗಳ ಹಿಂದೆ ಹಡಗಲಿಯ ಹೊಳೆಸಾಲಿನಲ್ಲಿರುತ್ತಿದ್ದ. ಅವ್ವ ಉಣ್ಣೆ ನೂಲುತ್ತಿದ್ದಳು, ಮಾವ ಕಂಬಳಿ ನೇಯುತ್ತಿದ್ದ. ಕಂಬಳಿ ಮಗ್ಗಕ್ಕೆ ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಯುವವನು ಅದರ ಅಂಚಿನಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಡುತ್ತಾನೆ. ನಮ್ಮ ಮಗ್ಗದಲ್ಲಿ ಕಾಲಿಗೆ ಕೆಲಸವಿರಲಿಲ್ಲ. ನೂಲು ಎತ್ತುವುದು, ಲಾಳಿ ತೂರಿಸುವುದು, ಬಡಿಯುವುದು ಎಲ್ಲ ಕೈಯದೇ. ಆ ಕುಣಿಯಲ್ಲಿ ಕುಳಿತ ಮಾವನನ್ನು ಹೊಸಬರು ನೋಡಿದರೆ ಅವರಿಗೆ ಕಾಣುತ್ತಿದ್ದದ್ದು ಅಗಲವಾದ ಎದೆಯ, ಕಟ್ಟುಮಸ್ತಾದ ತೋಳಿನ, ತುಂಬು ಮೀಸೆಯ ಒಬ್ಬ ಗಂಡಸು, ಅಷ್ಟೇ. ಮಡಿಲ ಮೇಲೊಂದು ಹಳೆಯ ಕಂಬಳಿಯ ತುಂಡು ಸದಾ ಇರುತ್ತಿತ್ತು. "ಕುಣಿಯಾಗ ಕುಂತ್ರ ಊರಿನ ಗೌಡನೂ ನಾನೂ ಒಂದ ಎತ್ತರ" ಎಂದು ನಗುತ್ತಿದ್ದ.

ಅವನಿಗೆ ಓದಿನ ಆಸೆ ಬಹಳ. ಸಣ್ಣವನಿದ್ದಾಗ ಅವ್ವನೇ ಅವನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟು, ಬಿಡುವ ಹೊತ್ತಿಗೆ ಹೋಗಿ ಹೊತ್ತು ತರುತ್ತಿದ್ದಳಂತೆ. ಅವ್ವನ ಮದುವೆಯಾಯಿತು, ಅವನ ಶಾಲೆ ಮುಗಿಯಿತು. ಆಗ ಅವನು ಮೂರನೇ ಇಯತ್ತೆ. ಅಜ್ಜ ಅಜ್ಜಿ ತೀರಿಕೊಂಡ ಮೇಲೆ ಅವನು ನಮ್ಮ ಮನೆಗೆ ಬಂದ. ನಾನು ಅಕ್ಷರ ಕೂಡಿಸಿ ಓದಲು ಕಲಿತ ದಿನದಿಂದ ಅವನ ಮಗ್ಗದ ಎದುರು ಕೂರುವುದು ನನ್ನ ಕೆಲಸವಾಯಿತು. ಸಾಮಾನು ಕಟ್ಟಿಕೊಂಡು ಬಂದ ಪೇಪರಿನ ಚೂರುಗಳನ್ನೆಲ್ಲ ಅವನು ಒಂದು ಬುಟ್ಟಿಯಲ್ಲಿ ಕೂಡಿಡುತ್ತಿದ್ದ. ಸಂಜೆ ನಾನು ಶಾಲೆಯಿಂದ ಬಂದೊಡನೆ ಒಂದು ಚೂರು ನನ್ನ ಮುಂದಿಟ್ಟು, ಲಾಳಿ ಕೈಗೆತ್ತಿಕೊಂಡು, "ಓದು ಬೇ ಸೊಸಿ. ನಾ ಕೇಳತೀನಿ" ಎನ್ನುತ್ತಿದ್ದ. ಸುದ್ದಿ ಅರ್ಧಕ್ಕೆ ಹರಿದಿರುತ್ತಿತ್ತು. ಮಂತ್ರಿ ಎಲ್ಲಿಗೋ ಹೊರಟಿರುತ್ತಿದ್ದ, ಎಲ್ಲಿಗೆ ಎಂಬುದು ಇನ್ನೊಂದು ಚೂರಿನೊಂದಿಗೆ ಯಾರದೋ ಮನೆಗೆ ಹೋಗಿರುತ್ತಿತ್ತು. "ಹೋಗ್ಲಿ ಬಿಡು, ಮುಟ್ಟಿರತಾನ" ಎಂದು ಮುಂದಿನ ಚೂರು ಕೊಡುತ್ತಿದ್ದ. ತಪ್ಪು ಓದಿದರೆ ಅವನಿಗೆ ಹೇಗೋ ಗೊತ್ತಾಗುತ್ತಿತ್ತು. "ಅಂಗಲ್ಲ ಅದು, ಇನ್ನೊಮ್ಮೆ ಓದು. ಕಣ್ಣು ಇಟ್ಟು ಓದು" ಎನ್ನುತ್ತಿದ್ದ.

ಹತ್ತನೇ ಕ್ಲಾಸು ಮುಗಿದಾಗ ಅಪ್ಪ, ಇನ್ನು ಸಾಕು ಎಂದ. ಅದಕ್ಕೆ ಸರಿಯಾಗಿ ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಕುಳಿತು, "ಸುಮ್ನ ಮಾವಗ ಕೊಟ್ಟು ಕೈ ತೊಳಕೊಳ್ರಿ. ಮನಿ ಹುಡುಗಿ ಮನ್ಯಾಗ ಉಳೀತಾಳ" ಎಂದು ಹೇಳಿಬಿಟ್ಟಳು. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದೇನಲ್ಲ. ಶಾಲೆಯ ಹುಡುಗಿಯರು ನನ್ನನ್ನು ಮೊದಲೇ 'ಕೈಚಪ್ಪಲಿ ಹೇಣ್ತಿ' ಎಂದು ಕಾಡುತ್ತಿದ್ದರು. ನಾನು ಒಳಗೆ ಹೋಗಿ ಮುಖ ಮುಚ್ಚಿಕೊಂಡು ಅತ್ತೆ. ಮಾವ ಮಗ್ಗ ನಿಲ್ಲಿಸಿದ ಸಪ್ಪಳ ಕೇಳಿತು.

"ಯಮ್ಮಾ, ಆಕಿ ನನ್ನ ಕೈಯಾಗ ಬೆಳದ ಕೂಸು. ಈ ಮಾತು ಇನ್ನೊಮ್ಮೆ ಬಂತಂದ್ರ ನಿನಗ ಕಂಬಳಿ ನೇದು ಕೊಡಂಗಿಲ್ಲ. ಚಳಿಗಾಲದಾಗ ಗಡಗಡ ನಡುಗು."

"ಚ್ಯಾಷ್ಟಿಗಿ ಅಂದ್ನೆಪಾ!"

"ಚ್ಯಾಷ್ಟಿನೂ ಬ್ಯಾಡ. ಆಕಿ ಓದಾಕಿ. ನಾ ನೇಯಾವ."

ಅಪ್ಪನ ಎದುರೂ ಅಷ್ಟೇ ಹೇಳಿದ. ಹಾಗೆ ನಾನು ಕೊಟ್ಟೂರಿನ ಕಾಲೇಜು ಸೇರಿದೆ. ಐದು ವರ್ಷ ಅವನು ನೇಯ್ದ, ನಾನು ಓದಿದೆ. ಇದನ್ನು ಬರೆಯುವಾಗ ನನಗೆ ಹೆಮ್ಮೆಯಾಗಬೇಕಿತ್ತು. ಆದರೆ ಆ ಐದು ವರ್ಷದಲ್ಲಿ ನೆನಪಿಗೆ ಮೊದಲು ಬರುವುದು ಬಸ್ ಸ್ಟ್ಯಾಂಡಿನ ಒಂದು ಮಧ್ಯಾಹ್ನ.

ಅಂದು ಸಂತೆ. ನಾನು ಗೆಳತಿಯರೊಂದಿಗೆ ಬಸ್ಸಿಗೆ ಕಾಯುತ್ತಿದ್ದೆ. ಎದುರಿನಿಂದ ಮಾವ ಬರುತ್ತಿದ್ದ. ಬೆನ್ನ ಮೇಲೆ ಮಾರಾಟವಾಗದೆ ಉಳಿದ ಎರಡು ಕಂಬಳಿ, ಕೈಗಳಲ್ಲಿ ಚಪ್ಪಲಿ, ಜನರ ಕಾಲುಗಳ ನಡುವೆ ಟಪ್ ಟಪ್. ಅವನ ಮುಖದಲ್ಲಿ ನನ್ನನ್ನು ಕಂಡ ನಗು ಇನ್ನೂ ಅರಳುತ್ತಿತ್ತು. ನಾನು ಹೊರಳಿ, ನಿಂತಿದ್ದ ಒಂದು ಬಸ್ಸಿನ ಹಿಂದಕ್ಕೆ ಹೋಗಿಬಿಟ್ಟೆ. ಗೆಳತಿಯೊಬ್ಬಳು "ಏನಾತು?" ಎಂದಳು. "ಬಿಸಲು" ಎಂದೆ. ಬಸ್ಸಿನ ಅಡಿಯಿಂದ ನೋಡಿದರೆ ಆ ನೀಲಿ ಪಟ್ಟಿಯ ಚಪ್ಪಲಿಗಳು ಒಂದು ಗಳಿಗೆ ನಿಂತವು. ಆಮೇಲೆ ಬಂದ ದಾರಿಗೇ ತಿರುಗಿದವು. ಅವನು ಆ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಬಂದ.

ಮನೆಗೆ ಬಂದು ನೀರು ಕುಡಿದು ಅವ್ವನಿಗೆ ಹೇಳಿದ: "ಕೊಟ್ಟೂರಾಗ ಇವತ್ತು ಏನು ಬಿಸಲಬೇ ಯಕ್ಕಾ. ಕಣ್ಣು ಕತ್ತಲಿ ಬಂದು ಯಾರ ಮಕಾನೂ ಕಾಣಲಿಲ್ಲ." ಬಿಸಿಲಿನ ಮಾತನ್ನು ಅವನು ಎಲ್ಲಿಂದ ತಂದ? ನನ್ನ ಮಾತು ಅವನಿಗೆ ಕೇಳಿಸಿತ್ತೇ? ನಾನು ಕೇಳಲಿಲ್ಲ.

ಮಾಸಾಶನದ ವಿಷಯ ಹೇಳಬೇಕು. ನಾನು ಕಾಲೇಜು ಸೇರುವುದಕ್ಕೂ ಮುಂಚೆ ಯಾರೋ ಪುಣ್ಯಾತ್ಮರು ಅರ್ಜಿ ಬರೆದುಕೊಟ್ಟು ಅವನಿಗೆ ಅದು ಮಂಜೂರಾಗಿತ್ತು. ದೊಡ್ಡ ಮೊತ್ತವೇನಲ್ಲ. ಆದರೆ ತಿಂಗಳಿಗೊಮ್ಮೆ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿಸಿ ಮಾವನ ಪೂರ್ತಿ ಹೆಸರನ್ನು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಆ ದಿನ ಮಾವ ಮೀಸೆಗೆ ಎಣ್ಣೆ ಸವರಿಕೊಂಡು ಬೆಳಿಗ್ಗೆಯಿಂದ ಕಾಯುತ್ತಿದ್ದ. ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಮೂರನೇ ಇಯತ್ತೆಯ ದುಂಡು ಅಕ್ಷರಗಳಲ್ಲಿ ಸಹಿ ಮಾಡುತ್ತಿದ್ದ. ಪೋಸ್ಟ್‌ಮ್ಯಾನ್ ಅವಸರ ಮಾಡಿದರೆ, "ತಡೀರಿ, ಕೊಂಬು ಉಳದೈತಿ" ಎನ್ನುತ್ತಿದ್ದ.

ಬಿ.ಎ. ಫಲಿತಾಂಶ ಬಂದ ವರ್ಷ ನನ್ನನ್ನು ನೋಡಲು ಹೊಳಲಿನ ಕಡೆಯಿಂದ ಒಂದು ಮನೆಯವರು ಬರುವುದೆಂದಾಯಿತು. ಹುಡುಗ ಶಾಲೆಯ ಮಾಸ್ತರ. ಹಿಂದೆ ಒಂದು ಸಂಬಂಧ, ಮಾವನ ಕಾಲು ನೋಡಿ, 'ಹುಟ್ಟೋ ಮಕ್ಕಳಿಗೂ ಬಂದ್ರ?' ಎಂದು ಹಿಂದೆ ಸರಿದಿತ್ತು. ಪೋಲಿಯೊ ಹಾಗೆ ಬರುವುದಿಲ್ಲ ಎಂದು ಓದಿದವಳು ನಾನು. ಆದರೂ ಹಿಂದಿನ ದಿನ ಮಾವನ ಹತ್ತಿರ ಹೋಗಿ ನಿಂತೆ.

"ಮಾವಾ, ನಾಳಿ ಅವರು ಬರೋದ್ರೊಳಗ ಮಗ್ಗದಾಗ ಕುಂತುಬಿಡು."

ಅವನಿಗೆ ತಟ್ಟನೆ ಅರ್ಥವಾಯಿತು. "ಅವರು ಹೋಗೋ ಮಟಾನಾ?"

"ಹೂಂ."

"ಆಗ್ಲಿ ತಗಾ. ಅರ್ಧ ಕಂಬಳಿನರ ಆಕ್ಕೈತಿ."

ಅವರು ಬಂದ ದಿನ ಬೆಳಗಿನಿಂದ ಮಾವ ಒಂದು ಗುಟುಕು ನೀರೂ ಕುಡಿದಿರಲಿಲ್ಲ ಎಂದು ಅವ್ವ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಕುಡಿದರೆ ನಡುವೆ ಎದ್ದು ಹೊರಗೆ ಹೋಗಬೇಕಾದೀತು ಎಂದು.

ಬೀಗರಾಗಬಹುದಾದವರು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತರು. ಮಾವ ಕುಣಿಯಿಂದಲೇ ಕೈಮುಗಿದು, "ಏಳಂಗಿಲ್ರಿ, ಎಳಿ ಕಡದುಹೋಕ್ಕಾವ" ಎಂದು ನಗುತ್ತ ಹೇಳಿದ. ಅವರೂ ನಕ್ಕರು. ಹುಡುಗನ ತಂದೆ ನೇಯ್ಗೆಯನ್ನು ಮುಟ್ಟಿ ನೋಡಿ ಹೊಗಳಿದ. ಎಲ್ಲ ಸರಿಯಾಗಿ ಸಾಗಿತ್ತು. ನಾನು ಮಂಡಕ್ಕಿಯ ತಟ್ಟೆಗಳನ್ನು ಇಟ್ಟು ಒಳಗೆ ಹೋದೆನೋ ಇಲ್ಲವೋ, ಹೊರಗೆ ಒಂದು ಲೂನಾ ನಿಂತ ಸಪ್ಪಳ.

"ಅಂಗವಿಕಲ ಮಾಸಾಶನ ತಗೊಳ್ಳೋರು ಯಾರ್ರೀ ಈ ಮನೆಯಲ್ಲಿ?"

ತಾಲ್ಲೂಕು ಕಚೇರಿಗೆ ಹೊಸದಾಗಿ ಬಂದಿದ್ದ ಕಂದಾಯ ನಿರೀಕ್ಷಕರು. ಸುಳ್ಳು ಮಾಸಾಶನ ಪಡೆಯುವವರನ್ನು ಹುಡುಕಿ ತೆಗೆಯಲು ಊರೂರು ತಿರುಗುತ್ತಿದ್ದರಂತೆ. ಬಂದಿದ್ದವರ ಕೈಯಲ್ಲಿನ ಮಂಡಕ್ಕಿ ಅಲ್ಲೇ ನಿಂತಿತು. ಹುಡುಗನ ತಾಯಿ ಮನೆಯ ಮೂಲೆಗಳನ್ನೆಲ್ಲ ಕಣ್ಣಲ್ಲೇ ಹುಡುಕತೊಡಗಿದಳು. ನಾನು ರೇಷ್ಮೆ ಸೀರೆಯಲ್ಲೇ ಬಾಗಿಲಿಗೆ ಓಡಿಬಂದೆ.

"ಇಲ್ಲಿ ಅಂಥವರು ಯಾರೂ ಇಲ್ರಿ ಸರ್."

ಅವರು ಕಾಗದ ನೋಡಿದರು. ಮಾವನ ಹೆಸರು ಓದಿದರು. "ಹೆಸರು ಈ ಮನೆಯದೇ ಇದೆಯಲ್ಲಮ್ಮಾ?"

ಮಾವ ಮಗ್ಗದಿಂದ, "ಆ ಹೆಸರು ನಂದರಿ" ಎಂದ.

ನಿರೀಕ್ಷಕರು ಅವನನ್ನು ನೋಡಿದರು. ನೋಡಿದರೆ ಏನು ಕಾಣುತ್ತದೆ? ಎದೆ, ತೋಳು, ಮೀಸೆ. "ಏನು ತೊಂದರೆ ಇವರಿಗೆ?"

ಉತ್ತರ ನಾನು ಕೊಟ್ಟೆ. "ಏನಿಲ್ರಿ, ನಮ್ಮ ಮಾವರು ಆರಾಮ ಅದಾರ. ದಿನಾ ಮಗ್ಗ ನೇಯ್ತಾರ. ಸಂತಿಗೆ ತಾವ ಹೋಗಿ ಕಂಬಳಿ ಮಾರಿ ಬರ್ತಾರ. ಯಾರ ಹಂಗೂ ಇಲ್ಲ ಅವರಿಗೆ."

"ನಿಜವೇನ್ರೀ?" ಎಂದು ಅವರು ಮಾವನನ್ನೇ ಕೇಳಿದರು.

ಮಾವ ನನ್ನನ್ನು ನೋಡಿದ. ಬಂದವರನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. "ಆಕಿ ಬಿ.ಎ. ಓದ್ಯಾಳ್ರಿ. ಆಕಿ ಹೇಳಿದ್ದು ಖರೇನ ಇರತೈತಿ" ಎಂದು ಹೇಳಿ ಲಾಳಿ ತೂರಿಸಿದ.

ನಿರೀಕ್ಷಕರು ಲೂನಾದ ಸೀಟಿನ ಮೇಲೆ ಕಾಗದವಿಟ್ಟು ಏನೇನೋ ಬರೆದು, ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿ ಎಂದು ನನಗೆ ಕೊಟ್ಟರು. ಅವರು ಬೇಗ ಹೋದರೆ ಸಾಕಾಗಿತ್ತು. ಒಂದು ಸಾಲೂ ಓದದೆ ಇಂಗ್ಲಿಷಿನಲ್ಲಿ ಸಹಿ ಹಾಕಿದೆ. ಹೆಸರಿನ ಮುಂದೆ ಬಿ.ಎ. ಎಂದೂ ಬರೆದೆ. ಆಗಿನ ದಿನಗಳಲ್ಲಿ ಎಲ್ಲಿ ಸಹಿ ಮಾಡಿದರೂ ಅದನ್ನು ಬರೆಯುವ ಚಾಳಿ ನನಗಿತ್ತು.

ಹೊಳಲಿನವರು ಹದಿನೈದು ದಿನದ ಮೇಲೆ, 'ಹುಡುಗಿ ಬಾಳ ಓದ್ಯಾಳ, ನಮ್ಮ ಮನಿಗಿ ಹೊಂದಂಗಿಲ್ಲ' ಎಂದು ಹೇಳಿಕಳಿಸಿದರು.

ಮುಂದಿನ ತಿಂಗಳು ಪೋಸ್ಟ್‌ಮ್ಯಾನ್ ಬರಲಿಲ್ಲ. ಅದರ ಮುಂದಿನ ತಿಂಗಳು ಬಂದ. ಮಾವ ಎಣ್ಣೆ ಸವರಿದ ಮೀಸೆಯಲ್ಲಿ ಕಾದಿದ್ದ. ತಂದದ್ದು ಹಣವಲ್ಲ, ನೋಟೀಸು. ಮಾವ ಅದನ್ನು ನನ್ನ ಕೈಗೆ ಕೊಡದೆ ತಾನೇ ಅಕ್ಷರ ಕೂಡಿಸಿ ಕೂಡಿಸಿ ಓದಿದ: ಸದರಿ ವ್ಯಕ್ತಿಯು ಸದೃಢಕಾಯನಾಗಿದ್ದು, ಸ್ವತಂತ್ರವಾಗಿ ಓಡಾಡಿಕೊಂಡು ಉದ್ಯೋಗ ಮಾಡುತ್ತಿರುವುದು ಸ್ಥಳ ತನಿಖೆಯಿಂದಲೂ ಕುಟುಂಬದ ವಿದ್ಯಾವಂತ ಸದಸ್ಯರ ಹೇಳಿಕೆಯಿಂದಲೂ ಕಂಡುಬಂದಿರುವುದರಿಂದ ಮಾಸಾಶನವನ್ನು ರದ್ದುಪಡಿಸಿದೆ.

"ಸದೃಢಕಾಯ" ಎಂದು ಎರಡು ಸಲ ಹೇಳಿನೋಡಿದ. "ಇಷ್ಟು ಚಂದ ನನ್ನ ಯಾರೂ ಹೊಗಳಿರಲಿಲ್ಲ ನೋಡಬೇ." ಅವನು ನಕ್ಕ. ನಾನು ಗೋಡೆಯ ಕಡೆ ನೋಡುತ್ತಿದ್ದೆ. ಆ ವಿದ್ಯಾವಂತ ಸದಸ್ಯೆ ಯಾರೆಂದು ಅವನು ಕೇಳಲಿಲ್ಲ.

ಕೆಳಗೆ ಸಣ್ಣ ಅಕ್ಷರದಲ್ಲಿ, ಒಪ್ಪಿಗೆಯಾಗದಿದ್ದರೆ ಮೇಲಿನ ಅಧಿಕಾರಿಗೆ ಮನವಿ ಸಲ್ಲಿಸಬಹುದು ಎಂದಿತ್ತು. ಅದನ್ನು ಕಂಡುಹಿಡಿದವನೂ ಅವನೇ. "ಹಾಕೋಣು" ಎಂದ. ಆಗ ನಾನು ಹೇಳಿದ್ದು ಆ ಮಾತು, ಮೊದಲ ಸಾಲಿನಲ್ಲಿ ಬರೆದ ಮಾತು: "ಆಗಂಗಿಲ್ಲ ಮಾವಾ. ಸರ್ಕಾರದವರು ಒಮ್ಮಿ ಬರದದ್ದು ಅಳಸಂಗಿಲ್ಲ." ನನಗೆ ಸರ್ಕಾರದ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಮೇಲ್ಮನವಿ ಹಾಕಿದರೆ ಆ ಕಾಗದ ಮತ್ತೆ ಹೊರಬರುತ್ತದೆ, ಅದರ ಮೇಲಿನ ಸಹಿ ಯಾರದು ಎಂದು ಯಾರಾದರೂ ಕೇಳುತ್ತಾರೆ.

ಮಾವ ಚಪ್ಪಲಿಗಳನ್ನು ಜೋಡಿಸಿಟ್ಟು ನಿಧಾನವಾಗಿ ಹೇಳಿದ: "ರೊಕ್ಕ ಹೋಗ್ಲಿಬೇ. ಇನ್ನೊಂದು ಕಂಬಳಿ ಹೆಚ್ಚಿಗಿ ನೇಯಬಹುದು. ತಿಂಗಳಿಗೊಮ್ಮಿ ಬಾಗಲಾಗ ನನ್ನ ಹೆಸರು ಕೂಗ್ತಿದ್ರು. ಉಳದ ದಿನ ನಾ ನಿಮ್ಮವ್ವನ ತಮ್ಮ. ಅಷ್ಟ."

ಮರುದಿನ ನಾನೇ ಕಾಗದ ಹಿಡಿದು ಕುಳಿತೆ. ಮೊದಲು ಬರೆದದ್ದರಲ್ಲಿ ತಪ್ಪೆಲ್ಲ ನಿರೀಕ್ಷಕರದು: ಸರಿಯಾಗಿ ಪರೀಕ್ಷಿಸಲಿಲ್ಲ, ಬಾಗಿಲಲ್ಲೇ ನಿಂತು ಬರೆದುಕೊಂಡು ಹೋದರು, ಹೀಗೆ. ಮಾವ ನೇಯುತ್ತ, "ಓದು ಬೇ, ನಾ ಕೇಳತೀನಿ" ಎಂದ. ಓದಿದೆ.

"ಅವನ ಮ್ಯಾಲೆ ಯಾಕ ಹಾಕ್ತಿ? ಅವ ಕಂಡದ್ದು ಬರದ, ಕೇಳಿದ್ದು ಬರದ. ಅಂಗಲ್ಲ ಅದು, ಇನ್ನೊಮ್ಮಿ ಬರಿ."

ಎರಡನೇ ಸಲ, ಮನೆಯವರು ಅವಸರದಲ್ಲಿ ತಪ್ಪು ಮಾಹಿತಿ ನೀಡಿದ್ದರಿಂದ ಎಂದು ಬರೆದೆ. "ಮನಿಯವರು ಅಂದ್ರ ಯಾರು? ನಿಮ್ಮವ್ವ ಕೊಟ್ಳಾ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಪೇಪರಿನ ಚೂರು ತಪ್ಪು ಓದಿದಾಗ ಇರುತ್ತಿದ್ದ ದನಿಯೇ. ಮೂರನೇ ಸಲ ನಾನು 'ನಾನು' ಎಂದು ಬರೆದೆ. ಆ ಸಾಲು ಬರೆಯಲು ಆದಷ್ಟು ಕಷ್ಟ ನನಗೆ ಬಿ.ಎ.ಯ ಯಾವ ಪರೀಕ್ಷೆಯಲ್ಲೂ ಆಗಿರಲಿಲ್ಲ.

ತಾಲ್ಲೂಕು ಕಚೇರಿಗೆ ಇಬ್ಬರೂ ಹೋದೆವು. ಗುಮಾಸ್ತರು ಎತ್ತರದ ಕಟಕಟೆಯ ಹಿಂದೆ ಕುಳಿತಿದ್ದರು. ಫೈಲು ತೆಗೆದು ನೋಡಿ ನನಗೇ ಬುದ್ಧಿ ಹೇಳಿದರು: "ಒಮ್ಮಿ ಬಂದಾದ ಮಾಸಾಶನ ಮತ್ತ ಚಾಲೂ ಆಗಿದ್ದು ನನ್ನ ಸರ್ವೀಸಿನಾಗ ನೋಡಿಲ್ಲಮ್ಮಾ. ಅದ್ರಾಗ ಇದರ ಮ್ಯಾಲೆ ಬಿ.ಎ. ಓದಿದೋರ ಸೈ ಐತಿ. ಬಿ.ಎ. ಓದಿದೋರು ಸುಳ್ಳು ಹೇಳ್ತಾರಾ?"

ನಾನು ಅರ್ಜಿಯನ್ನು ಅವರ ಮುಂದಕ್ಕೆ ಸರಿಸಿದೆ. ಅವರು ಮುಂದುವರಿಸಿದರು: "ಬೇಕಾದ್ರ ಆ ಮನಷ್ಯಾನ್ನ ಕರಕೊಂಡು ಬರ್ರಿ, ನೋಡೋಣ."

"ಬಂದೀನ್ರೀ" ಎಂದಿತು ಕೆಳಗಿನಿಂದ ಒಂದು ದನಿ.

ಗುಮಾಸ್ತರು ಎದ್ದು ಕಟಕಟೆಯ ಮೇಲೆ ಬಾಗಿ ಕೆಳಗೆ ನೋಡಿದರು. ಮಾವ ಚಪ್ಪಲಿ ಹಾಕಿದ ಒಂದು ಕೈ ಎತ್ತಿ ನಮಸ್ಕಾರ ಮಾಡಿದ. "ಕಾಣಲಿಲ್ಲ ಅಂತ ಬ್ಯಾಸರ ಮಾಡ್ಕಬ್ಯಾಡ್ರಿ. ನಾ ಕುಣಿಯಾಗ ಇದ್ರ ಉದ್ದ ಕಾಣ್ತೀನಿ, ಕಚೇರ್ಯಾಗ ಗಿಡ್ಡ ಕಾಣ್ತೀನಿ." ಗುಮಾಸ್ತರು ನಗಲೂ ಆಗದೆ ಸುಮ್ಮನಿರಲೂ ಆಗದೆ ಅರ್ಜಿಯ ಮೇಲೆ ಸೀಲು ಹೊಡೆದರು. ಆದರೂ ಹೊರಡುವಾಗ, "ಆಗೋ ಮಾತಲ್ಲ" ಎಂದು ಮತ್ತೊಮ್ಮೆ ಹೇಳಲು ಮರೆಯಲಿಲ್ಲ.

ಎಷ್ಟೋ ತಿಂಗಳು ಕಳೆದು ವಿಚಾರಣೆಗೆ ಕರೆ ಬಂತು. ಮೇಲಿನ ಸಾಹೇಬರು ಬಂದಿದ್ದರು. ಕೋಣೆಯ ತುಂಬ ಜನ: ಹೊಲದ ತಕರಾರಿನವರು, ಖಾತೆ ಬದಲಿಸುವವರು. ನಮ್ಮ ಸರದಿ ಬಂದಾಗ ಸಾಹೇಬರು ಆ ಹಳೆಯ ಹೇಳಿಕೆಯನ್ನು ಎತ್ತಿ ಹಿಡಿದರು.

"ಇದು ಯಾರ ಸಹಿ?"

"ನನ್ನದು ಸರ್."

"ಇದರಲ್ಲಿ ಇವರು ಆರೋಗ್ಯವಾಗಿದ್ದಾರೆ ಅಂತಿದೆ. ಅರ್ಜಿಯಲ್ಲಿ ಎರಡೂ ಕಾಲಿಲ್ಲ ಅಂತಿದೆ. ಎರಡೂ ನೀವೇ ಹೇಳಿದ್ದು. ಸುಳ್ಳು ಹೇಳಿದ್ದು ಆಗಲೋ, ಈಗಲೋ?"

"ಆಗ ಸರ್."

"ಯಾಕೆ?"

ಅರ್ಜಿಯಲ್ಲಿ ನಾನು ತಪ್ಪು ನನ್ನದು ಎಂದು ಬರೆದಿದ್ದೆ. ಕಾರಣ ಬರೆದಿರಲಿಲ್ಲ. ಹಿಂದೆ ನಿಂತವರಲ್ಲಿ ನಮ್ಮ ಪಕ್ಕದೂರಿನವರೂ ಇದ್ದರು. ನೆಲ ನೋಡುತ್ತ ಹೇಳಿದೆ: "ಅವತ್ತು ನನ್ನನ್ನು ನೋಡೋಕೆ ಗಂಡಿನ ಕಡೆಯವರು ಬಂದಿದ್ದರು ಸರ್. ಮಾವನ ಕಾಲು ಅವರಿಗೆ ಕಾಣಬಾರದು ಅಂತ ನಾನೇ ಮಗ್ಗದ ಕುಣಿಯಲ್ಲಿ ಕೂರಿಸಿದ್ದೆ. ನೀವು ಕಳಿಸಿದವರೂ ಅದನ್ನೇ ನೋಡಿದರು." ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇನ್ನಾರೋ "ಏನು ಹೆಣ್ಮಗಳಪಾ" ಎಂದರು. ಅವರು ಅಂದದ್ದರಲ್ಲಿ ತಪ್ಪೇನಿರಲಿಲ್ಲ.

ಆಗ ಮಾವ ಕೈ ಊರಿ ಒಂದು ಹೆಜ್ಜೆ ಮುಂದೆ ಬಂದ. "ಸಾಹೇಬ್ರ, ಆಕಿ ಹೇಳಿದ್ರಾಗ ಸುಳ್ಳಿಲ್ರಿ. ನಾ ದುಡೀತೀನಿ, ಸಂತಿಗೆ ಹೋಗತೀನಿ, ಅದೂ ಖರೇ. ಕಾಲಿಲ್ಲ, ಇದೂ ಖರೇ. ನಿಮ್ಮ ಕಾಗದದಾಗ ಒಂದಕ್ಕ ಜಾಗ ಐತಿ, ಎರಡಕ್ಕ ಇಲ್ಲ. ಅದಕ್ಕ ಆಕಿ ಏನ ಮಾಡ್ಯಾಳು?"

ಸಾಹೇಬರು ಮೇಜಿನ ಮೇಲೆ ಮುಂದಕ್ಕೆ ಬಾಗಿ ಅವನನ್ನು ನೋಡಿದರು. ಆಮೇಲೆ, ಜಿಲ್ಲಾ ಆಸ್ಪತ್ರೆಯ ವೈದ್ಯರ ಮಂಡಳಿ ಪರೀಕ್ಷಿಸಿ ಪ್ರಮಾಣಪತ್ರ ಕೊಡಲಿ, ಅದರ ಮೇಲೆ ಆದೇಶ ಮಾಡುತ್ತೇನೆ ಎಂದು ಬರೆದರು.

ಆಸ್ಪತ್ರೆಯಲ್ಲಿ ವೈದ್ಯರು ಟೇಪು ಹಿಡಿದು ಅವನ ಕಾಲುಗಳನ್ನು ಅಳೆಯುವಾಗ ಮಡಿಲ ಮೇಲಿನ ಕಂಬಳಿ ತೆಗೆಯಬೇಕಾಯಿತು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಆ ಕಾಲುಗಳನ್ನು ಪೂರ್ತಿ ನೋಡಿದ್ದು ಅದೇ ಮೊದಲು. ನನ್ನ ಮುಂಗೈಯಷ್ಟು ದಪ್ಪ ಇದ್ದವು. ಮಾವ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದ. ತೆಗೆದ ಕಂಬಳಿಯನ್ನು ನಾನು ಹಿಡಿದು ನಿಂತಿದ್ದೆ. ವೈದ್ಯರು ಸಾಕು ಎಂದೊಡನೆ ಅವನು ಕೈ ಚಾಚುವ ಮೊದಲೇ ಹೊದಿಸಿದೆ. ಅವನಿಗಾಗಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ ಇರಬೇಕು.

ನನಗೆ ಮುಂದೆ ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಮದುವೆಗೆ ಮುಂಚೆ ನೋಡಲು ಬಂದ ಹುಡುಗನನ್ನು ನಾನೇ ಮಗ್ಗದ ಹತ್ತಿರ ಕರೆದುಕೊಂಡು ಹೋಗಿ, ಮಾವನನ್ನು ಕುಣಿಯಿಂದ ಹೊರಗೆ ಕರೆದು, ಎದುರು ಕೂರಿಸಿ ಮಾತಾಡಿಸಿದೆ. ಒಂದು ತಪ್ಪಿಗೆ ಅಷ್ಟರಿಂದ ಪರಿಹಾರವಾಗುವುದಿಲ್ಲ ಎಂದು ನನಗೆ ಗೊತ್ತು. ಮಾವ ತೀರಿಕೊಂಡದ್ದು ಅದಾದ ಕೆಲವು ವರ್ಷಕ್ಕೆ, ಒಂದು ಚಳಿಗಾಲದ ಬೆಳಿಗ್ಗೆ, ಮಗ್ಗದ ಮೇಲೆ ಅರ್ಧ ಕಂಬಳಿ ಬಿಟ್ಟು. ಹೂಳುವ ಮುಂಚೆ ಯಾರೋ ಅವನ ಚಪ್ಪಲಿಗಳನ್ನು ಕಾಲಿನ ಕಡೆ ಇಟ್ಟಿದ್ದರು. ಅವ್ವ ಅವನ್ನು ಎತ್ತಿ ಕೈಗಳ ಹತ್ತಿರ ಇಟ್ಟಳು. ಅದರ ಹಿಂದಿನ ತಿಂಗಳವರೆಗೂ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ಅವನ ಪೂರ್ತಿ ಹೆಸರು ಕೂಗಿದ್ದ.

ಆದರೆ ಮಾವ ಎಂದೊಡನೆ ನನಗೆ ಕಾಣುವುದು ಆ ಚಳಿಗಾಲದ ಬೆಳಿಗ್ಗೆಯಲ್ಲ. ತಾಲ್ಲೂಕು ಕಚೇರಿಯ ಅಂಗಳದ ಬೇವಿನ ಮರ. ಆಸ್ಪತ್ರೆಯಿಂದ ಪ್ರಮಾಣಪತ್ರ ಬಂದು, ಮಾಸಾಶನ ಮುಂದುವರಿಸುವ ಆದೇಶವೂ ಆಗಿ, ಎರಡನ್ನೂ ಕೊಡುತ್ತೇವೆ ಎಂದು ಕರೆಸಿದ್ದರು. ಮರದ ಕೆಳಗೆ ಮೇಜು ಹಾಕಿತ್ತು. ಕುಳಿತವರು ಅದೇ ಗುಮಾಸ್ತರು. ಮಾವನ ಪೂರ್ತಿ ಹೆಸರನ್ನು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದರು. ಜನ ದಾರಿ ಬಿಟ್ಟರು. ಟಪ್, ಟಪ್ ಎಂದು ಮಾವ ಮುಂದೆ ಹೋದ, ಎಣ್ಣೆ ಹಚ್ಚಿದ ಮೀಸೆ ಮಿಂಚುತ್ತಿತ್ತು. ಈ ಸಲ ಗುಮಾಸ್ತರು ಮೇಜು ಸುತ್ತಿ ಬಂದು, ಕುಕ್ಕರುಗಾಲಿನಲ್ಲಿ ಕುಳಿತು, ರಿಜಿಸ್ಟರನ್ನು ಅವನ ಎದುರು ನೆಲದ ಮೇಲೆ ಇಟ್ಟರು. ಮಾವ ದುಂಡಾಗಿ, ಕೊಂಬುಗಳನ್ನೆಲ್ಲ ಎಳೆದು ಸಹಿ ಮಾಡಿದ.

"ಇಲ್ಲಿ ಇನ್ನೊಂದು ಸೈ ಬೇಕು. ಇವರನ್ನ ಗುರುತು ಹಿಡಿಯೋರು ಯಾರಾದ್ರೂ ಅದಾರೇನ್ರೀ?" ಎಂದು ಗುಮಾಸ್ತರು ತಲೆ ಎತ್ತಿದರು.

ಹೆಸರು ಕೇಳಿ, ಅಂಥವರು ಯಾರೂ ಇಲ್ಲ ಎಂದಿದ್ದವಳು ನಾನು. "ನಾನು ಅದೀನ್ರಿ. ಇವರು ನಮ್ಮ ಮಾವ" ಎಂದು ಅವನ ಪಕ್ಕ ಮಣ್ಣಿನಲ್ಲೇ ಕುಳಿತೆ. ಗುಮಾಸ್ತರು ಪ್ರಮಾಣಪತ್ರವನ್ನು ಮಾವನ ಕೈಗೆ ಕೊಟ್ಟು, ಪೆನ್ನು ನನಗೆ ಚಾಚಿದರು. ನಾನು ಅವಸರದಲ್ಲಿ ರಿಜಿಸ್ಟರು ಎಳೆದುಕೊಂಡೆ. ಮಾವ ಚಪ್ಪಲಿ ಹಾಕಿದ ಒಂದು ಕೈಯನ್ನು ಮೆಲ್ಲಗೆ ಆ ಹಾಳೆಯ ಮೇಲಿಟ್ಟು ನನ್ನನ್ನು ತಡೆದ. ಇನ್ನೊಂದು ಕೈಯಿಂದ ಆ ಪ್ರಮಾಣಪತ್ರವನ್ನು ನನ್ನ ಮುಂದೆ ಹಿಡಿದ.

"ಮೊದ್ಲು ಓದು ಬೇ ಸೊಸಿ" ಎಂದ. "ನಾ ಕೇಳತೀನಿ."